ಕಾಡುಮೊಲವನ್ನೂ ಚಂದ್ರ ಪತಂಗವನ್ನೂ ಹೋಲಿಸಿ ನೋಡುವ ಕ್ರಮ

ಕೊಡಗಿನ ಕಾಫಿ ತೋಟಗಳ ಅಂಚಿನಲ್ಲಿ ಕಾಡುಮೊಲವೂ ಇದೆ, ಚಂದ್ರ ಪತಂಗವೂ ಇದೆ. ಇವೆರಡನ್ನು ಹೋಲಿಸಲು ಹೊರಟವರು ಸಾಮಾನ್ಯವಾಗಿ ಒಂದಕ್ಕೆ ನಾಲ್ಕು ಕಾಲು, ಇನ್ನೊಂದಕ್ಕೆ ಆರು ಎಂದು ಬರೆಯತೊಡಗುತ್ತಾರೆ. ಅದರಿಂದ ಎರಡರ ಬಾಳಿನ ಬಗ್ಗೆ ಏನೂ ತಿಳಿಯದು. ಹಗಲನ್ನು ಹೇಗೆ ಕಳೆಯುತ್ತದೆ, ಶತ್ರುವಿನಿಂದ ಹೇಗೆ ಪಾರಾಗುತ್ತದೆ, ಏನು ತಿಂದು ಬೆಳೆಯುತ್ತದೆ ಎಂಬ ಒಂದೇ ಪ್ರಶ್ನೆಗಳನ್ನು ಎರಡಕ್ಕೂ ಕೇಳಬೇಕು.

ಮೊಲಕ್ಕಾಗಿ ಬೆಳಿಗ್ಗೆ ಬಾಣೆಯ, ಅಂದರೆ ಹುಲ್ಲು ಬೆಳೆಯುವ ಬಯಲಿನ, ಗಿಡ್ಡ ಹುಲ್ಲಿನಲ್ಲಿ ಹಿಕ್ಕೆ ಹುಡುಕಿ. ನಾಯಿಯನ್ನು ಮನೆಯಲ್ಲೇ ಬಿಡಿ. ಒಣಗಿದ ಉಂಡೆಯನ್ನು ಕಡ್ಡಿಯಿಂದ ಒಡೆದರೆ ಹುಲ್ಲಿನ ನಾರು ಉದುರುತ್ತದೆ. ಹಿಂಗತ್ತಿನಲ್ಲಿ ಕಪ್ಪು ಮಚ್ಚೆಯಿರುವ ಈ ಮೊಲ ಬಿಲ ತೋಡುವುದಿಲ್ಲ. ಹುಲ್ಲಿನ ನಡುವೆ ತನ್ನ ಮೈಯಳತೆಯ ತಗ್ಗಿನಲ್ಲಿ ಕಿವಿ ಮಡಚಿ ಹಗಲೆಲ್ಲ ಕೂತಿದ್ದು, ನಾವು ತೀರ ಹತ್ತಿರ ಬಂದಾಗಷ್ಟೇ ನೆಗೆದೋಡುತ್ತದೆ. ಬಿಲದ ಆಸರೆಯಿಲ್ಲದ ಕಾರಣ ಇದರ ಮರಿಗಳು ಮೈತುಂಬ ಕೂದಲು, ತೆರೆದ ಕಣ್ಣುಗಳೊಂದಿಗೇ ಹುಟ್ಟುತ್ತವೆ; ಸಾಕುಮೊಲದ ಮರಿಗಳು ಹಾಗಲ್ಲ.

ಪತಂಗಕ್ಕಾಗಿ ಗಾಳಿ, ಬೆಳದಿಂಗಳು ಎರಡೂ ಇಲ್ಲದ ರಾತ್ರಿ ಬಿಳಿ ಬಟ್ಟೆ ಕಟ್ಟಿ ದೀಪ ಹಚ್ಚಿ. ತಿಳಿಹಸಿರು ಬಣ್ಣ, ಉದ್ದನೆಯ ಬಾಲ, ಸುಮಾರು 12 ಸೆಂಟಿಮೀಟರ್ ರೆಕ್ಕೆಯಗಲ ನೋಡಿದರೆ ಗುರುತು ಸಿಕ್ಕೀತು. ರೆಕ್ಕೆಯನ್ನು ಮುಟ್ಟಬೇಡಿ, ಬೆರಳಿಗೆ ಅಂಟುವ ಹುಡಿ ಅದರ ಹುರುಪೆಗಳು, ಒಮ್ಮೆ ಉದುರಿದರೆ ಮರಳಿ ಬರುವುದಿಲ್ಲ. ಅಳತೆಪಟ್ಟಿಯನ್ನು ಪಕ್ಕದಲ್ಲಿ ಹಿಡಿದು ಚಿತ್ರ ತೆಗೆದರೆ ಸಾಕು. ಗರಿಯಂತೆ ಅಗಲವಾದ ಮೀಸೆಯಿದ್ದರೆ ಅದು ಗಂಡು. ಹೆಣ್ಣಿನ ವಾಸನೆಯನ್ನು ಅದು ದೂರದಿಂದಲೇ ಹಿಡಿಯುತ್ತದೆ.

ಆಹಾರದ ಪ್ರಶ್ನೆಗೆ ಬಂದಾಗ ಹೋಲಿಕೆ ನಿಜಕ್ಕೂ ರಂಗೇರುತ್ತದೆ. ಮೊಲ ಬಾಳಿಡೀ ಮೇಯುತ್ತದೆ, ತನ್ನದೇ ಮೆದು ಹಿಕ್ಕೆಯನ್ನು ಮತ್ತೆ ತಿಂದು ಹುಲ್ಲಿನ ಸತ್ವವನ್ನು ಪೂರ್ತಿ ಹೀರುತ್ತದೆ. ಬೆಳೆದ ಚಂದ್ರ ಪತಂಗಕ್ಕೆ ಕೆಲಸಕ್ಕೆ ಬರುವ ಬಾಯಿಯೇ ಇಲ್ಲ. ಕಂಬಳಿಹುಳವಾಗಿದ್ದಾಗ ಎಲೆ ತಿಂದು ಕೂಡಿಟ್ಟ ಕೊಬ್ಬಿನಲ್ಲೇ ಅದು ವಾರದಷ್ಟು ಬದುಕಿ, ಕೂಡಿ, ಮೊಟ್ಟೆಯಿಟ್ಟು ಮುಗಿಯುತ್ತದೆ. ಹಾಗಾಗಿ ನಿಮ್ಮ ಪುಸ್ತಕದಲ್ಲಿ ಪತಂಗಕ್ಕೆ ಎರಡು ಸಾಲು ಬಿಡಿ, ಒಂದು ಹುಳಕ್ಕೆ, ಒಂದು ರೆಕ್ಕೆ ಬಂದ ಮೇಲಿನದಕ್ಕೆ.

ಪಾರಾಗುವ ಪ್ರಶ್ನೆಯಲ್ಲಿ ಮೊಲದ ಓಟ, ಅಡ್ಡತಿರುವುಗಳನ್ನು ಬರೆದುಕೊಳ್ಳಿ. ಪತಂಗದ ಬಾಲದ ಬಗ್ಗೆ ಹೇಳುವುದಾದರೆ, ಇದರ ಹತ್ತಿರದ ಬಂಧುವಾದ ಅಮೆರಿಕದ ಲೂನಾ ಪತಂಗದಲ್ಲಿ ಹಾರುವಾಗ ತಿರುಗುವ ಬಾಲ ಬಾವಲಿಯ ದಾಳಿಯನ್ನು ಮೈಯಿಂದ ಬಾಲದತ್ತ ಸೆಳೆಯುತ್ತದೆಂದು ಪ್ರಯೋಗಗಳು ತೋರಿಸಿವೆ.

ಒಂದು ಗಂಟೆಯೊಳಗೆ ದೀಪ ಆರಿಸಿಬಿಡಿ. ವಾರವಷ್ಟೇ ಬಾಳುವ ಜೀವಕ್ಕೆ ಒಂದು ರಾತ್ರಿ ಬಟ್ಟೆಗಂಟಿ ಕಳೆಯುವುದೂ ದೊಡ್ಡ ನಷ್ಟವೇ.