ಬಳ್ಳಾರಿಯ ಬಿಸಿಲು, ದೂಳಿನ ನಡುವೆ ಎಕ್ಸ್-ಬ್ಯಾಂಡ್ ಕ್ಲೈಸ್ಟ್ರಾನ್ ಬೆಂಚ್: ನನ್ನ ಅನುಭವ

ನಿರ್ವಾತ ನಳಿಕೆಗಳ (ವ್ಯಾಕ್ಯೂಮ್ ಟ್ಯೂಬ್) ಕಾಲ ಮುಗಿಯಿತು ಎಂದು ಹೇಳುವವರು ಬಹಳ. ಆದರೆ ಉಪಗ್ರಹಗಳಲ್ಲಿ ಟ್ರಾವೆಲಿಂಗ್ ವೇವ್ ಟ್ಯೂಬ್, ಕ್ಯಾನ್ಸರ್ ಚಿಕಿತ್ಸೆಯ ಆಕ್ಸಿಲರೇಟರ್‌ಗಳಲ್ಲಿ ಮ್ಯಾಗ್ನೆಟ್ರಾನ್ ಇಂದಿಗೂ ದುಡಿಯುತ್ತಿವೆ. ಈ ಕ್ಷೇತ್ರದಲ್ಲಿ ಸಂಶೋಧನೆ ಮಾಡಬೇಕು ಎನ್ನುವವರಿಗೆ ಪಿಲಾನಿಯ ಸೀರಿ (ಕೇಂದ್ರೀಯ ಎಲೆಕ್ಟ್ರಾನಿಕ್ಸ್ ಸಂಶೋಧನಾ ಸಂಸ್ಥೆ), ಬೆಂಗಳೂರಿನ ಎಂಟಿಆರ್‌ಡಿಸಿ (ಡಿಆರ್‌ಡಿಒದ ಮೈಕ್ರೋವೇವ್ ಟ್ಯೂಬ್ ಸಂಶೋಧನಾ ಕೇಂದ್ರ) ಇದ್ದೇ ಇವೆ. ಅಲ್ಲಿಗೆ ಹೋಗುವ ಮೊದಲು ಕಾಲೇಜಿನ ರಿಫ್ಲೆಕ್ಸ್ ಕ್ಲೈಸ್ಟ್ರಾನ್ ಬೆಂಚಿನ ಮೇಲೆ ಕೈ ಪಳಗಬೇಕು. ಕ್ಯಾಥೋಡ್‌ನಿಂದ ಹೊರಟ ಎಲೆಕ್ಟ್ರಾನ್ ಕಿರಣವನ್ನು (ಬೀಮ್) ಕ್ಯಾವಿಟಿ ಎಂಬ ಲೋಹದ ಗೂಡಿನ ಮೂಲಕ ಹಾಯಿಸಿ, ರಿಪೆಲ್ಲರ್ ಎಂಬ ಋಣ ತಟ್ಟೆಯಿಂದ ಹಿಂದಕ್ಕೆ ತಳ್ಳಿ ಮೈಕ್ರೋವೇವ್ ಹುಟ್ಟಿಸುವ ಟ್ಯೂಬ್ ಇದು. ಅರೆವಾಹಕದ ಗನ್ ಡಯೋಡ್ ಬೆಂಚ್ ಸುಲಭ, ನಿಜ. ಎಲೆಕ್ಟ್ರಾನ್ ಕಿರಣದ ವರ್ತನೆ ಅದರಲ್ಲಿ ಕಾಣುವುದಿಲ್ಲ.

ನಾನು ಬಳಸುವುದು 2ಕೆ25 ಎಂಬ ರಿಫ್ಲೆಕ್ಸ್ ಕ್ಲೈಸ್ಟ್ರಾನ್. ಹೀಟರ್ 6.3 ವೋಲ್ಟ್, ಬೀಮ್ 300 ವೋಲ್ಟ್, ಕರೆಂಟ್ ಸುಮಾರು 20ರಿಂದ 25 ಮಿಲಿಆಂಪಿಯರ್. ಸ್ವಿಚ್ ಹಾಕುವ ಕ್ರಮದಲ್ಲಿ ರಾಜಿಯಿಲ್ಲ. ಮೊದಲು ಫ್ಯಾನ್, ಆಮೇಲೆ ಹೀಟರ್. ಕೆಲವು ನಿಮಿಷ ಬಿಟ್ಟು ರಿಪೆಲ್ಲರ್ ವೋಲ್ಟೇಜನ್ನು ಗರಿಷ್ಠ ಋಣಕ್ಕೆ ಒಯ್ದು, ಕೊನೆಗೆ ಬೀಮ್ ವೋಲ್ಟೇಜನ್ನು ನಿಧಾನವಾಗಿ ಏರಿಸುತ್ತೇನೆ. ರಿಪೆಲ್ಲರ್‌ಗೆ ಋಣ ವೋಲ್ಟೇಜ್ ಇಲ್ಲದಾಗ ಎಲೆಕ್ಟ್ರಾನುಗಳು ಹಿಂದಕ್ಕೆ ತಿರುಗದೆ ಅದಕ್ಕೇ ಬಡಿಯುತ್ತವೆ. ಆ ಬಿಸಿ ತಾಳಲು ಅದನ್ನು ಮಾಡಿಲ್ಲ. ಹಾಗಾಗಿ ರಿಪೆಲ್ಲರ್ ತಂತಿಯ ಬೆಸುಗೆ ಸಡಿಲವಾಗಿದೆಯೇ ಎಂದು ಮೊದಲೇ ಎಳೆದು ನೋಡಬೇಕು. ಇನ್ನೊಂದು ಮಾತು: ಬೆಂಚಿನಲ್ಲಿ ಕ್ಯಾವಿಟಿ ಅರ್ಥ್ ಆಗಿರುತ್ತದೆ, ಕ್ಯಾಥೋಡ್ 300 ವೋಲ್ಟ್ ಕೆಳಗಿರುತ್ತದೆ. ಹೀಟರ್ ತಂತಿಯೂ ಅಷ್ಟೇ ಅಪಾಯ. ‘ಬರೀ ಆರು ವೋಲ್ಟ್’ ಎಂದು ಯಾರೂ ಮುಟ್ಟಬಾರದು.

ರಿಪೆಲ್ಲರ್ ವೋಲ್ಟೇಜ್ ಬದಲಿಸುತ್ತ ಹೋದರೆ ಟ್ಯೂಬ್ ಕೆಲವು ಪಟ್ಟಿಗಳಲ್ಲಿ ಮಾತ್ರ ಮಿಡಿಯುತ್ತದೆ, ಅವೇ ಮೋಡ್‌ಗಳು. ಮೋಡ್ ಸಂಖ್ಯೆ (ಎಲೆಕ್ಟ್ರಾನ್ ಹೋಗಿ ಬರುವಷ್ಟರಲ್ಲಿ ಆಗುವ ಮಿಡಿತಗಳು: 3¾, 4¾ ಹೀಗೆ) ಲೆಕ್ಕ ಹಾಕುವಾಗ ಬಹುಪಾಲು ವಿದ್ಯಾರ್ಥಿಗಳು ಬೀಮ್ ವೋಲ್ಟೇಜನ್ನು ಕೂಡಿಸುವುದೇ ಇಲ್ಲ. ರಿಪೆಲ್ಲರ್ ಮೀಟರ್ ಕ್ಯಾಥೋಡ್‌ನಿಂದ ಅಳೆಯುತ್ತದೋ ಅರ್ಥ್‌ನಿಂದ ಅಳೆಯುತ್ತದೋ ಎಂದು ಮೊದಲು ಖಚಿತ ಮಾಡಿಕೊಳ್ಳಬೇಕು. ಕ್ಯಾಥೋಡ್‌ನಿಂದ ಅಳೆದಾಗ ಒಂದು ಮೋಡ್‌ನ ಶಿಖರ 100 ವೋಲ್ಟ್‌ಗೆ, ಅದೇ ಆವರ್ತನದಲ್ಲಿ ಪಕ್ಕದ ಮೋಡ್‌ನ ಶಿಖರ 207 ವೋಲ್ಟ್‌ಗೆ ಸಿಕ್ಕಿತು ಎಂದಿಟ್ಟುಕೊಳ್ಳಿ. ಎರಡಕ್ಕೂ ಬೀಮಿನ 300 ಕೂಡಿಸಿ 507ನ್ನು 400ರಿಂದ ಭಾಗಿಸಿದರೆ 1.267. ಅದು 4¾ ಭಾಗಿಸು 3¾, ಸರಿಯಾಗಿ ಕೂಡುತ್ತದೆ. 300ನ್ನು ಬಿಟ್ಟು ಬರೀ 207ನ್ನು 100ರಿಂದ ಭಾಗಿಸಿದರೆ 2.07, ಯಾವ ಜೋಡಿ ಮೋಡ್‌ಗೂ ಅದು ಹೊಂದುವುದಿಲ್ಲ. ಆಗ ಸಿಗದ ಉತ್ತರವನ್ನು ಟ್ಯೂಬಿನ ದೋಷವೆಂದು ಬರೆದುಬಿಡುತ್ತಾರೆ.

ಟ್ಯೂಬನ್ನು ಹೊತ್ತಿಸಿ ಆರಿಸಲು ರಿಪೆಲ್ಲರ್‌ಗೆ ಕೊಡುವ 1 ಕಿಲೋಹರ್ಟ್ಸ್ ಚೌಕ ತರಂಗದ ಮಾಡ್ಯುಲೇಶನ್ ಹೆಚ್ಚು ತೊಂದರೆ ಕೊಡುವ ಜಾಗ. ಅದರ ಎತ್ತರ ಕಡಿಮೆಯಾದರೆ ಟ್ಯೂಬ್ ಪೂರ್ತಿ ಆರುವುದಿಲ್ಲ. ಅರ್ಧ ಸಮಯ ಒಂದು ಆವರ್ತನದಲ್ಲಿ, ಇನ್ನರ್ಧ ಇನ್ನೊಂದರಲ್ಲಿ ಮಿಡಿಯುತ್ತದೆ. ಫ್ರೀಕ್ವೆನ್ಸಿ ಮೀಟರ್ ತಿರುಗಿಸಿದಾಗ ಒಂದರ ಬದಲು ಎರಡು ಇಳಿತ ಕಂಡರೆ ಇದೇ ಕಾರಣ. ಎತ್ತರ ಹೆಚ್ಚಿಸಿ, ರಿಪೆಲ್ಲರನ್ನು ಮತ್ತೆ ಹೊಂದಿಸಿ ಒಂದೇ ಇಳಿತ ಬರುವವರೆಗೆ ನಾನು ಮುಂದೆ ಹೋಗುವುದಿಲ್ಲ. ಓದು ಬರೆದುಕೊಂಡ ಮೇಲೆ ಮೀಟರನ್ನು ಆ ಆವರ್ತನದಿಂದ ಸರಿಸಿಡಬೇಕು, ಇಲ್ಲದಿದ್ದರೆ ಶಕ್ತಿಯನ್ನು ಅದೇ ನುಂಗುತ್ತದೆ.

ಮೈಕ್ರೋವೇವ್ ಸಾಗುವ ಟೊಳ್ಳು ಲೋಹದ ಕೊಳವೆಯಾದ ಡಬ್ಲ್ಯುಆರ್-90 ವೇವ್‌ಗೈಡಿನ ಒಳ ಅಗಲ 22.86 ಮಿ.ಮೀ. 9.3 ಗಿಗಾಹರ್ಟ್ಸ್‌ಗೆ ಗೈಡ್ ತರಂಗಾಂತರ 45.46 ಮಿ.ಮೀ., ಅಂದರೆ ಒಳಗಿನ ಸ್ಥಾಯಿ ಅಲೆಯ ಎರಡು ಕನಿಷ್ಠಗಳ ನಡುವೆ 22.73 ಮಿ.ಮೀ. ಇಲ್ಲಿ 0.2 ಮಿ.ಮೀ. ತಪ್ಪಿದರೆ ಲೆಕ್ಕದಿಂದ ಬರುವ ಆವರ್ತನ ಸುಮಾರು 40 ಮೆಗಾಹರ್ಟ್ಸ್ ಜಾರುತ್ತದೆ. ಕನಿಷ್ಠದ ತಳ ಚಪ್ಪಟೆ, ಅದರ ಮೇಲೆ ಕಣ್ಣಳತೆ ನಡೆಯದು. ಎರಡೂ ಬದಿ ಮೀಟರ್ ಒಂದೇ ಓದು ಕೊಡುವ ಜಾಗಗಳನ್ನು ಗುರುತಿಸಿ ಅವುಗಳ ಸರಾಸರಿ ತೆಗೆಯುತ್ತೇನೆ. ಸೀಳಿನ ಮೂಲಕ ಒಳಗಿಳಿದು ಅಳೆಯುವ ಪ್ರೋಬ್ ಆದಷ್ಟು ಮೇಲಿರಲಿ; ಆಳಕ್ಕಿಳಿದರೆ ಅದೇ ಪ್ರತಿಫಲನ ಹುಟ್ಟಿಸಿ ಕ್ಷೇತ್ರವನ್ನು ಕೆಡಿಸುತ್ತದೆ. ಡಿಟೆಕ್ಟರ್ ಸ್ಕ್ವೇರ್-ಲಾ ವ್ಯಾಪ್ತಿಯಲ್ಲಿದೆಯೇ (ಅದರ ಸಂಕೇತ ಶಕ್ತಿಗೆ ಅನುಪಾತದಲ್ಲಿದೆಯೇ) ಎಂದು ತಿಳಿಯಲು ಶಕ್ತಿ ತಗ್ಗಿಸುವ ಅಟೆನ್ಯುಯೇಟರನ್ನು 3 ಡಿಬಿ ಹೆಚ್ಚಿಸಿ ನೋಡಿ: ವಿಎಸ್‌ಡಬ್ಲ್ಯುಆರ್ (ಸ್ಥಾಯಿ ಅಲೆಯ ಗರಿಷ್ಠ-ಕನಿಷ್ಠಗಳ ಅನುಪಾತ) ಮೀಟರ್ ಕೂಡ 3 ಡಿಬಿಯೇ ಇಳಿಯಬೇಕು.

ಇನ್ನು ಊರಿನ ಹವೆ. ಏಪ್ರಿಲ್-ಮೇನಲ್ಲಿ 40 ಡಿಗ್ರಿ ದಾಟುವ ಇಲ್ಲಿ ಕ್ಯಾವಿಟಿ ಹಿಗ್ಗಿ ಆವರ್ತನ ಜಾರುತ್ತಲೇ ಇರುತ್ತದೆ. 2ಕೆ25ನ್ನು ಟ್ಯೂನ್ ಮಾಡುವುದೇ ಕ್ಯಾವಿಟಿಯ ಗೋಡೆಯನ್ನು ಚೂರು ಬಾಗಿಸಿ. ಬಿಸಿಯೂ ಅದೇ ಕೆಲಸ ಮಾಡುತ್ತದೆ. ಅರ್ಧ ಗಂಟೆ ಕಾಯಿಸಿ, ಪ್ರತಿ ಅಳತೆಯ ಮೊದಲೂ ನಂತರವೂ ಆವರ್ತನ ಬರೆದಿಡುವುದು ನನ್ನ ರೂಢಿ. ಏರ್ ಕೂಲರ್ ಗಾಳಿ ನೇರವಾಗಿ ಟ್ಯೂಬಿಗೆ ಬೀಸದಂತೆ ನೋಡಿಕೊಳ್ಳಬೇಕು, ಅದು ಒಮ್ಮೆ ಬಂದು ಒಮ್ಮೆ ನಿಂತರೆ ಓದು ಕುಣಿಯುತ್ತದೆ.

ಸಂಡೂರು ಕಡೆಯ ಅದಿರು ಲಾರಿಗಳ ಕೆಂಪು ದೂಳು ಕಿಟಕಿ ಮುಚ್ಚಿದ್ದರೂ ಒಳಗೆ ಬರುತ್ತದೆ. ವೇವ್‌ಗೈಡ್ ತುಂಡುಗಳನ್ನು ಜೋಡಿಸುವ ಫ್ಲ್ಯಾಂಜ್‌ಗಳ ನಡುವೆ ಕೂತರೆ ಸೀಳು ಬಿಟ್ಟು, ಶಕ್ತಿಯನ್ನು ಪ್ರತಿಫಲಿಸದೆ ಹೀರುವ ಮ್ಯಾಚ್ಡ್ ಲೋಡ್ ಹಾಕಿದ್ದರೂ ವಿಎಸ್‌ಡಬ್ಲ್ಯುಆರ್ ಏರುತ್ತದೆ. ನಾರು ಬಿಡದ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಬೇಕು. ಮರಳು ಕಾಗದ ಬೇಡವೇ ಬೇಡ. ಬೆಳ್ಳಿ ಲೇಪ ಹೋದರೆ ಮರಳಿ ಬರುವುದಿಲ್ಲ. ಒಣ ಹವೆಯಲ್ಲಿ ಮೈಮೇಲಿನ ಸ್ಥಿರ ವಿದ್ಯುತ್ತೇ ಡಿಟೆಕ್ಟರಿನ 1ಎನ್23 ಕ್ರಿಸ್ಟಲ್ ಡಯೋಡನ್ನು ಸುಡಬಲ್ಲದು. ಅದನ್ನು ಹಿಡಿಯುವ ಮೊದಲು ಬೆಂಚಿನ ಲೋಹವನ್ನು ಮುಟ್ಟುವುದು ಎಲ್ಲರಿಗೂ ಕಡ್ಡಾಯ.

ಆರಿಸುವಾಗ ಬೀಮ್ ಮೊದಲು, ರಿಪೆಲ್ಲರ್ ಆಮೇಲೆ, ನಂತರ ಹೀಟರ್. ಫ್ಯಾನ್ ಇನ್ನೂ ಹತ್ತು ನಿಮಿಷ ತಿರುಗಲಿ. ಅದೇ ವೋಲ್ಟೇಜ್‌ಗಳಲ್ಲಿ ಬೀಮ್ ಕರೆಂಟ್ ತಿಂಗಳಿಂದ ತಿಂಗಳಿಗೆ ಇಳಿಯುತ್ತಿದ್ದರೆ ಕ್ಯಾಥೋಡ್ ಸವೆಯುತ್ತಿದೆ. ಹೀಟರ್ ವೋಲ್ಟೇಜ್ ಏರಿಸಿ ಅದನ್ನು ಸರಿದೂಗಿಸಲು ಹೋದರೆ ಟ್ಯೂಬಿನ ಆಯುಷ್ಯ ಇನ್ನೂ ಬೇಗ ತೀರುತ್ತದೆ.