ಯುದ್ಧಕೈದಿಗಳ ರೂಲ್ಸ್ ತಿದ್ದೋಕೆ ಡ್ರಾಫ್ಟ್ ಬರಿಯೋದು ಹೇಗೆ: ಶ್ರೀರಂಗಪಟ್ಟಣದಿಂದ ಶುರು ಮಾಡಿ

ಮೈಸೂರು ಮಂಡ್ಯ ಕಡೆ ಲಾ ಓದ್ತಿರೋರು, ಪೊಲಿಟಿಕಲ್ ಸೈನ್ಸ್ ಓದ್ತಿರೋರು, ನಿಮ್ಗೆ ಮಾಕ್ ಕಾನ್ಫರೆನ್ಸಲ್ಲೋ ಅಸೈನ್‌ಮೆಂಟಲ್ಲೋ "ಯುದ್ಧಕೈದಿಗಳನ್ನ ನಡೆಸ್ಕೊಳ್ಳೋ ಅಂತಾರಾಷ್ಟ್ರೀಯ ನಿಯಮಕ್ಕೆ ತಿದ್ದುಪಡಿ ಸೂಚಿಸಿ" ಅಂತ ಬಂದ್ರೆ ಏನ್ ಮಾಡ್ಬೇಕು ಅಂತ ಬರೀತಿದ್ದೀನಿ. ಸುಮಾರು ಜನ ಮಾಡೋ ತಪ್ಪು ಒಂದೇ, ಯುದ್ಧಕೈದಿಗಳ ರಕ್ಷಣೆಗೆ ಅಂತಾನೇ ಇರೋ 1949ರ ಮೂರನೇ ಜಿನೀವಾ ಒಪ್ಪಂದದ 143 ಆರ್ಟಿಕಲ್ಲೂ ಹಳೇದಾಯ್ತು ಅಂತ ಎಲ್ಲಾ ಬಿಚ್ಚಿ ಹೊಸದಾಗಿ ಬರಿಯೋಕೆ ಕೂರ್ತಾರೆ. ಹಂಗೆ ಮಾಡ್ಬೇಡಿ. ಒಂದೇ ಒಂದು ತೂತು ಹುಡುಕಿ, ಅದನ್ನ ಮುಚ್ಚಿ, ಇರೋ ಗೋಡೆ ಮುಟ್ಬೇಡಿ.

ಮೊದಲ್ನೇ ಕೆಲಸ, ಪುಸ್ತಕ ತೆಗಿಯೋಕೆ ಮುಂಚೆ ಒಂದು ಭಾನುವಾರ ಬಸ್ ಹತ್ಕೊಂಡು ಶ್ರೀರಂಗಪಟ್ಟಣಕ್ಕೆ ಹೋಗಿ. ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್ ಗೋಡೆ ಮೇಲೆ, ಹೈದರ್-ಟಿಪ್ಪು ಸೈನ್ಯಕ್ಕೂ ಈಸ್ಟ್ ಇಂಡಿಯಾ ಕಂಪನಿಗೂ ನಡೆದ 1780ರ ಪೊಳ್ಳಿಲೂರು ಯುದ್ಧದ ಚಿತ್ರ ಇದೆಯಲ್ಲ, ಅದ್ರಲ್ಲಿ ಪಲ್ಲಕ್ಕಿಯೊಳಗೆ ಕೂತಿರೋ ಕಂಪನಿ ಕಡೆಯ ಕರ್ನಲ್ ಬೈಲಿನ ನೋಡಿ, ಆಮೇಲೆ ಕೋಟೆ ಹತ್ರ ಅವನ ಹೆಸರಲ್ಲೇ ಕರಿಯೋ ಡಂಜನ್‌ಗೆ ಇಳೀರಿ. ಅವನು ಸೆರೆಯಲ್ಲೇ 1782ರಲ್ಲಿ ಸತ್ತ. ಅದೇ ಯುದ್ಧದಲ್ಲಿ ಸೆರೆಸಿಕ್ಕ ಡೇವಿಡ್ ಬೇರ್ಡ್ 1784ರ ಮಂಗಳೂರು ಒಪ್ಪಂದ ಆಗೋ ತನಕ ಇಲ್ಲೇ ಇದ್ದ, 1799ರ ಮೇ 4ಕ್ಕೆ ಕೋಟೆಗೆ ನುಗ್ಗಿದ ದಂಡಿನ ಮುಂದೆ ಇದ್ದೋನೂ ಅವನೇ. ಆ ಕಾಲದಲ್ಲಿ ಎರಡೂ ಕಡೆಯವ್ರ ಕೈ ಕಟ್ಟೋ ಅಂತ ಬರೆದಿಟ್ಟ ನಿಯಮ ಅನ್ನೋದೇ ಇರ್ಲಿಲ್ಲ. ಆ ತಗ್ಗು ಚಾವಣಿ ಕೆಳಗೆ ಹತ್ತು ನಿಮಿಷ ನಿಂತು ಬಂದ್ರೆ 'ಕನಿಷ್ಠ ಮಟ್ಟ' ಅನ್ನೋ ಪದ ಡ್ರಾಫ್ಟಲ್ಲಿ ಬರಿಯೋವಾಗ ಕೈ ಹಗುರ ಆಗಲ್ಲ.

ಆಮೇಲೆ ಓದೋದು. ಒಂದರಿಂದ 143ರ ತನಕ ಸಾಲಾಗಿ ಓದಿದ್ರೆ ನಿದ್ದೆ ಬರುತ್ತೆ, ಹಂಗಾಗಿ ಕೈದಿ ಬರೋ ದಾರೀಲೇ ಓದ್ಕೊಂಡು ಹೋಗಿ. ಯಾರು ಯುದ್ಧಕೈದಿ ಅನ್ನೋದು ಆರ್ಟಿಕಲ್ 4, ಡೌಟ್ ಇದ್ರೆ ಯಾರು ತೀರ್ಮಾನ ಮಾಡ್ಬೇಕು ಅನ್ನೋದು 5, ಮನುಷ್ಯರ ಥರ ನಡೆಸ್ಕೊಳ್ಳೋದು 13, ವಿಚಾರಣೆ 17 (ಹೆಸರು, ರ‍್ಯಾಂಕು, ಹುಟ್ಟಿದ ದಿನಾಂಕ, ಸರ್ವಿಸ್ ನಂಬರ್, ಇಷ್ಟು ಬಿಟ್ಟು ಬೇರೇನೂ ಹೇಳಲೇಬೇಕು ಅಂತಿಲ್ಲ), ಮನೆಗೆ ಕಾರ್ಡು ಕಾಗದ 70 ಮತ್ತು 71, ಬಿಡುಗಡೆ 118, ರೆಡ್ ಕ್ರಾಸ್‌ನವರ ಭೇಟಿ 126. ಪಕ್ಕದಲ್ಲೇ 97 ಆರ್ಟಿಕಲ್ ಇದ್ದ 1929ರ ಹಳೇ ಒಪ್ಪಂದ ಇಟ್ಕೊಂಡು ಹೋಲ್ಸಿ ನೋಡಿ, ತಿದ್ದೋದು ಅಂದ್ರೇನು ಅಂತ ಅಲ್ಲೇ ಕಲೀತೀರಿ. ಹಳೇದ್ರಲ್ಲಿ ಶತ್ರುವಿಗೆ 'ಸೆರೆಸಿಕ್ಕವರು' ಅಂತಿತ್ತು. 1945ರಲ್ಲಿ ಜರ್ಮನಿ, ಜಪಾನಿನ ಸೈನ್ಯಕ್ಕೆ ಸೈನ್ಯವೇ ಶರಣಾದಾಗ ಇವರು ಸೆರೆಸಿಕ್ಕವರಲ್ಲ, ಶರಣಾದವರು, ಬೇರೆ ಕೆಟಗರಿ ಅಂತ ವಾದ ಮಾಡಿ ಎಷ್ಟೋ ಜನಕ್ಕೆ ಆ ರಕ್ಷಣೆ ತಪ್ಪಿಸಿದ್ರು. ಅದಕ್ಕೇ 1949ರಲ್ಲಿ ಶತ್ರುವಿನ 'ಕೈಗೆ ಬಿದ್ದವರು' ಅಂತ ಬದಲಾಯಿಸಿದ್ದು. ಬದಲಾಗಿದ್ದು ಒಂದು ಪದ ಅಷ್ಟೇ, ಆದ್ರೆ ಆ ನೆಪ ಅಲ್ಲಿಗೆ ಮುಗೀತು. ಒಳ್ಳೆ ತಿದ್ದುಪಡಿ ಅಂದ್ರೆ ಇದು.

ಈಗ ತೂತು ಹುಡುಕೋದು. ಮನಸ್ಸಲ್ಲೇ ಕಲ್ಪಿಸ್ಕೊಂಡು ಹುಡುಕ್ಬೇಡಿ, ನಿಜವಾಗ್ಲೂ ಜನ ಸಿಕ್ಕಾಕೊಂಡ ಜಾಗ ನೋಡಿ. ನನ್ನ ಪ್ರಕಾರ ಅತಿ ಒಳ್ಳೆ ಉದಾಹರಣೆ ಆರ್ಟಿಕಲ್ 118, ಅದೂ ನಮ್ಮ ಪಕ್ಕದ ಕೊಡಗಿನವ್ರು ತಲೆ ಮೇಲೆ ಹೊತ್ತ ವಿಷ್ಯ. ಹೊಡೆದಾಟ ನಿಂತ ಮೇಲೆ ತಡ ಮಾಡದೆ ಬಿಟ್ಟು ವಾಪಸ್ ಕಳಿಸ್ಬೇಕು ಅನ್ನುತ್ತೆ ಅದು. ಆದ್ರೆ ಕೈದಿನೇ "ನಾನು ವಾಪಸ್ ಹೋಗಲ್ಲ" ಅಂದ್ರೆ? 1949ರಲ್ಲಿ ಅದನ್ನ ಬರೀಲಿಲ್ಲ, ಎರಡೇ ವರ್ಷಕ್ಕೆ ಕೊರಿಯಾ ಯುದ್ಧದ ಮಾತುಕತೆ ಇದೇ ಪ್ರಶ್ನೆ ಮೇಲೆ ಸಿಕ್ಕಾಕೊಂಡು ಎಳೀತಾ ಹೋಯ್ತು, ಆ ಕಡೆ ಸಾಯೋರು ಸಾಯ್ತಾನೇ ಇದ್ರು. ಕೊನೆಗೆ 1953ರಲ್ಲಿ ಐದು ತಟಸ್ಥ ದೇಶಗಳ ಕಮಿಷನ್ ಮಾಡಿ ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವ್ರನ್ನ ಅಧ್ಯಕ್ಷರಾಗಿ ಕೂರಿಸಿದ್ರು, ವಾಪಸ್ ಹೋಗಲ್ಲ ಅಂತ ಕೂತ 22,000ಕ್ಕೂ ಜಾಸ್ತಿ ಕೈದಿಗಳನ್ನ ಭಾರತದ ಸೈನಿಕರು ಕಾಯ್ಬೇಕಾಯ್ತು. ಒಬ್ಬೊಬ್ಬರಿಗೂ ಅವರವರ ದೇಶದೋರು ಬಂದು ವಿವರಿಸ್ಬೇಕು, ಆಮೇಲೆ ಕೈದಿ ತಾನೇ ನಿರ್ಧಾರ ಮಾಡ್ಬೇಕು ಅನ್ನೋ ವ್ಯವಸ್ಥೆ. ಆದ್ರೆ ಕ್ಯಾಂಪ್ ಒಳಗೆ ಕೈದಿಗಳೇ ಕೈದಿಗಳನ್ನ ಹೆದರಿಸ್ತಿದ್ರೆ ಅದು ಸ್ವಂತ ನಿರ್ಧಾರ ಹೆಂಗಾಗುತ್ತೆ? ಡ್ರಾಫ್ಟ್ ಮಾಡೋರು ಯೋಚ್ನೆ ಮಾಡ್ಬೇಕಾದ್ದು ಇಲ್ಲೇ. 'ಕೈದಿ ಇಷ್ಟ ಇಲ್ದೆ ಕಳಿಸ್ಬಾರ್ದು' ಅಂತ ಒಂದು ಲೈನ್ ಬರೆದ್ರೆ ಸಾಲದು, ಆ ಇಷ್ಟವನ್ನ ಯಾರು, ಎಲ್ಲಿ, ಯಾರೂ ಪಕ್ಕದಲ್ಲಿ ಇಲ್ದಂಗೆ ಕೇಳ್ತಾರೆ ಅಂತಾನೂ ಬರೀಬೇಕು.

'ತಡ ಮಾಡದೆ' ಅನ್ನೋದ್ರಲ್ಲೂ ತೂತಿದೆ, ಇಲ್ಲಿ ನಮ್ಮ ದೇಶದ ಲೆಕ್ಕಾನೂ ಪ್ರಾಮಾಣಿಕವಾಗಿ ಹೇಳ್ಬೇಕು. 1971ರ ಡಿಸೆಂಬರ್ 17ಕ್ಕೆ ಯುದ್ಧ ನಿಂತ್ರೂ, ನಮ್ಮ ಕೈಲಿದ್ದ ಪಾಕಿಸ್ತಾನದ ಸುಮಾರು 93,000 ಜನ (ಅದ್ರಲ್ಲಿ ಸಿವಿಲಿಯನ್ಸೂ ಇದ್ರು) ಪೂರ್ತಿ ವಾಪಸ್ ಹೋಗಿ ಮುಗಿದಿದ್ದು 1974ರ ಏಪ್ರಿಲಲ್ಲಿ. ಕಾರಣಗಳು ಇದ್ವು, ರಾಜಕೀಯ ಇತ್ತು, ಸರಿ. ಆದ್ರೆ ಆ ಎರಡು ಚಿಲ್ಲರೆ ವರ್ಷ ಮನೆಯಲ್ಲಿ ಕಾದ ಹೆಂಡ್ತಿ ಮಕ್ಕಳಿಗೆ ಅದು ಎರಡು ವರ್ಷವೇ ತಾನೇ. ದಿನ ಲೆಕ್ಕ ಹಾಕಿ ಒಂದು ಗಡುವು ಇಡ್ಬಹುದಾ, ಮೀರಿದ್ರೆ ಯಾರಿಗೆ ಉತ್ತರ ಕೊಡ್ಬೇಕು, ಇದನ್ನೇ ಇಟ್ಕೊಂಡು ಒಂದು ಡ್ರಾಫ್ಟ್ ಆಗುತ್ತೆ.

ಇನ್ನೊಂದು ತೂತು ಮೊಬೈಲು. ಆರ್ಟಿಕಲ್ 13 ಕೈದಿಯನ್ನ ಅವಮಾನದಿಂದ, ಸಾರ್ವಜನಿಕ ಕುತೂಹಲದಿಂದ ಕಾಪಾಡಿ ಅನ್ನುತ್ತೆ. 2019ರ ಫೆಬ್ರವರಿ 27ಕ್ಕೆ ನಮ್ಮ ವಾಯುಪಡೆ ಪೈಲಟ್ ಅಭಿನಂದನ್ ಪಾಕಿಸ್ತಾನದ ಕೈಗೆ ಸಿಕ್ಕಾಗ, ಮುಖದ ಮೇಲೆ ರಕ್ತ ಇರೋ ವಿಡಿಯೋ ಮಧ್ಯಾಹ್ನದೊಳಗೆ ನಮ್ಮ ಫ್ಯಾಮಿಲಿ ಗ್ರೂಪಿಗೇ ಬಂದಿತ್ತು, ನಮ್ಮಮ್ಮ ಅದನ್ನ ನೋಡಿ ಊಟ ಬಿಟ್ಟು ಎದ್ದೋದ್ರು, ಅವ್ರ ಮನೆಯವ್ರಿಗೆ ಹೆಂಗಾಗಿರ್ಬೇಡ. ಹಂಗಂತ 'ಯಾವ ಚಿತ್ರಾನೂ ಹೊರಗೆ ಬರ್ಬಾರ್ದು' ಅಂತ ಬರೆದ್ಬಿಡ್ಬೇಡಿ, ಯಾಕಂದ್ರೆ ಬದುಕಿರೋ ಫೋಟೋ ಹೊರಗೆ ಬಂದ್ರೆ ಆಮೇಲೆ ಆ ಮನುಷ್ಯನನ್ನ ಮಾಯ ಮಾಡೋದು ಕಷ್ಟ. ಕೈದಿಯ ಹಿತಕ್ಕೆ ಬೇಕಾದ್ದು ಯಾವ್ದು, ಪ್ರಚಾರಕ್ಕೆ ತೆಗೆದಿದ್ದು ಯಾವ್ದು ಅಂತ ಬಿಡಿಸಿ ಬರೀಬೇಕು, ಕಾವಲಿನ ಸೈನಿಕನ ಸ್ವಂತ ಫೋನ್ ಬಗ್ಗೆ ಬೇರೆ ಕಲಂ ಬೇಕು.

ಚಿಕ್ಕ ತೂತುಗಳೂ ಇವೆ. ಸಾರ್ಜೆಂಟ್‌ಗಿಂತ ಕೆಳಗಿನ ಕೈದಿಗಳಿಗೆ ಸೆರೆಯಲ್ಲಿಟ್ಟ ದೇಶ ಕೊಡ್ಬೇಕಾದ ತಿಂಗಳ ಸಂಬಳದ ಮುಂಗಡ 8 ಸ್ವಿಸ್ ಫ್ರಾಂಕ್, ಜನರಲ್‌ಗೆ 75 ಅಂತ ಆರ್ಟಿಕಲ್ 60ರಲ್ಲಿ 1949ರಿಂದ ಹಂಗೇ ಕೂತಿದೆ. ಕಾಗದಕ್ಕೆ ಮಿತಿ ಹಾಕಿದ್ರೂ ತಿಂಗ್ಳಿಗೆ ಎರಡು ಕಾಗದ, ನಾಕು ಕಾರ್ಡಿಗಿಂತ ಕಮ್ಮಿ ಮಾಡ್ಬಾರ್ದು ಅಂತಿದೆ, ಫೋನ್ ಕಾಲ್ ಬಗ್ಗೆ ಏನೂ ಇಲ್ಲ.

ತೂತು ಸಿಕ್ಕ ಮೇಲೆ, ಯಾವ ರೂಪದಲ್ಲಿ ತಿದ್ದೋದು ಅಂತ ತೀರ್ಮಾನ ಮಾಡಿ. ಮೂರನೇ ಒಪ್ಪಂದದಲ್ಲಿ ತಿದ್ದುಪಡಿಗೆ ಅಂತ ಕಲಮೇ ಇಲ್ಲ. 196 ದೇಶ ಒಪ್ಪಿರೋದನ್ನ ಮತ್ತೆ ಟೇಬಲ್ ಮೇಲೆ ಇಟ್ರೆ, ಇವತ್ತಿನ ಜಗತ್ತಲ್ಲಿ ಸೇರ್ಸೋಕಿಂತ ಕಿತ್ತಾಕೋಕೆ ಕಾಯ್ತಿರೋರೇ ಜಾಸ್ತಿ ಸಿಗ್ತಾರೆ ಅಂತ ನನ್ನ ಭಯ. ಹಂಗಾಗಿ 1977ರಲ್ಲಿ, 2005ರಲ್ಲಿ ಮಾಡಿದಂಗೆ ಹೆಚ್ಚುವರಿ ಪ್ರೋಟೋಕಾಲ್ (ಮೂಲ ಒಪ್ಪಂದ ಮುಟ್ಟದೆ ಅದ್ರ ಜೊತೆಗೆ ಸೇರ್ಸೋ ಬೇರೆ ಒಪ್ಪಂದ) ಥರ ಬರೀರಿ, ಒಪ್ಪದೇ ಇರೋ ದೇಶಕ್ಕೂ ಹಳೇ ಒಪ್ಪಂದ ಹಂಗೇ ಅಂಟಿರುತ್ತೆ. 1977ರ ಮೊದಲ್ನೇ ಪ್ರೋಟೋಕಾಲನ್ನ ಭಾರತ ಒಪ್ಪಿಲ್ಲ, ನೀವು ಭಾರತದ ಪರ ಮಾತಾಡೋ ಹಾಗಿದ್ರೆ ಇದು ನೆನಪಿರ್ಲಿ, ಇಲ್ದಿದ್ರೆ ಎದುರು ಟೀಮ್‌ನೋರು ಅಲ್ಲೇ ಹಿಡೀತಾರೆ. ಬರೀ ಎರಡು ದೇಶದ ಮಧ್ಯೆ ಸಾಕು ಅಂದ್ರೆ ಆರ್ಟಿಕಲ್ 6ರ ವಿಶೇಷ ಒಪ್ಪಂದ ಇದೆ, ಆದ್ರೆ ಅದ್ರಲ್ಲಿ ಕೈದಿಯ ಹಕ್ಕು ಜಾಸ್ತಿ ಮಾಡ್ಬಹುದು, ಕಮ್ಮಿ ಮಾಡೋ ಹಾಗಿಲ್ಲ. ನಮ್ಮ ದೇಶದೊಳಗೆ ಮಾತ್ರ ಅಂದ್ರೆ 1960ರ ಜಿನೀವಾ ಕನ್ವೆನ್ಷನ್ಸ್ ಆಕ್ಟ್ ಓದಿ, ಅದಕ್ಕೆ ತಿದ್ದುಪಡಿ ಬರೀರಿ.

ವಾಕ್ಯ ಬರಿಯೋವಾಗ 'ಸಾಧ್ಯವಾದಷ್ಟು', 'ಪರಿಸ್ಥಿತಿಗೆ ತಕ್ಕಂತೆ' ಅನ್ನೋ ಪದ ಎಲ್ಲಿ ಬಂತೋ ಅಲ್ಲೆಲ್ಲಾ ಕೆಂಪು ಪೆನ್ನಲ್ಲಿ ಗೆರೆ ಹಾಕಿ, ಕೆಟ್ಟ ಮನಸ್ಸಿರೋ ಕಮಾಂಡರ್ ಮೊದ್ಲು ಹುಡುಕೋದೇ ಅದನ್ನ. ಪ್ರತಿ ಕಲಮಲ್ಲೂ ಯಾರು ಮಾಡ್ಬೇಕು, ಎಷ್ಟು ದಿನದಲ್ಲಿ, ಯಾರು ಬಂದು ನೋಡ್ತಾರೆ, ಈ ಮೂರೂ ಇರ್ಲಿ.

ಆಮೇಲೆ ತಿರುಗಿಸಿ ನೋಡಿ. ಶತ್ರು ಕೈದಿ ತೆಗೆದು ಆ ಜಾಗದಲ್ಲಿ ನಿಮ್ಮ ಬೀದಿಯ ಹುಡುಗನ್ನ ಇಡಿ. 1965ರಲ್ಲಿ ಕಾರ್ಯಪ್ಪನವ್ರ ಮಗ ಪಾಕಿಸ್ತಾನದಲ್ಲಿ ಸೆರೆಯಾದಾಗ, ಅವನೊಬ್ಬನಿಗೆ ವಿಶೇಷ ಸವಲತ್ತು ಬೇಡ, ಅಲ್ಲಿರೋರೆಲ್ಲಾ ಒಂದೇ ಅಂದ್ಬಿಟ್ರಲ್ಲ ಅಪ್ಪ, ಆ ಕಣ್ಣಲ್ಲಿ ಓದಿ.

ಕೊನೇದಾಗಿ ಕನ್ನಡದಲ್ಲೂ ಒಂದು ಕಾಪಿ ಮಾಡಿ. ಒಪ್ಪಂದವನ್ನ ಕ್ಯಾಂಪಲ್ಲಿ ಕೈದಿಯ ಭಾಷೆಯಲ್ಲೇ ತಗುಲಿಹಾಕ್ಬೇಕು ಅಂತ ಆರ್ಟಿಕಲ್ 41 ಹೇಳುತ್ತೆ, ಅಂದ್ಮೇಲೆ ನಮ್ಮ ಡ್ರಾಫ್ಟೂ ಹಳ್ಳಿ ಹುಡುಗನಿಗೆ ಅರ್ಥ ಆಗ್ಬೇಕು. ಮದ್ದೂರು, ಪಾಂಡವಪುರ, ಕೆ.ಆರ್. ಪೇಟೆ ಕಡೆ ನಿಮ್ಮೂರಲ್ಲಿ ರಿಟೈರ್ ಆದ ಸೈನಿಕರು ಯಾರಾದ್ರೂ ಇದ್ರೆ ಅವ್ರ ಜಗಲಿ ಮೇಲೆ ಕೂತು ಜೋರಾಗಿ ಓದಿ ಹೇಳಿ, "ಅದೇನಪ್ಪ ಅದು, ಇನ್ನೊಂದ್ ಸಲ ಓದು" ಅಂತ ಅವ್ರು ಎಲ್ಲಿ ತಡೀತಾರೋ ಆ ವಾಕ್ಯ ಅವತ್ತು ರಾತ್ರಿನೇ ತಿದ್ದಿ, ಮಾರನೇ ದಿನ ಸಬ್ಮಿಟ್ ಮಾಡಿ.