ಸೋತ ಫುಟ್‌ಬಾಲ್ ಮ್ಯಾಚನ್ನು ಮತ್ತೆ ನೋಡುವುದು ಹೇಗೆ?

ಮೊದಲು ಆ ರಾತ್ರಿ ಫೋನ್ ಪಕ್ಕಕ್ಕಿಡಿ. ರೆಫ್ರಿಗೆ ಬೈಯುವುದು, ಕೋಚ್‌ನನ್ನು ಕಿತ್ತುಹಾಕುವುದು ಎಲ್ಲ ನಾಳೆಗೂ ಆಗುತ್ತದೆ.

ಎರಡು ದಿನ ಬಿಟ್ಟು ಪೂರ್ತಿ ಮ್ಯಾಚ್ ನೋಡಿ, ಹೈಲೈಟ್ಸ್ ಅಲ್ಲ. ನಮ್ಮ ಬೆಂಗಳೂರು ಎಫ್‌ಸಿ 2025ರ ಏಪ್ರಿಲ್ 12ರಂದು ಸೋತ ಐಎಸ್ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್ಲನ್ನೇ ತೆಗೆದುಕೊಳ್ಳಿ. ಎದುರಿಗೆ ಮೋಹನ್ ಬಗಾನ್, ಲೀಗ್ ಹಂತದಲ್ಲಿ ಮೊದಲ ಸ್ಥಾನಕ್ಕೆ ಕೊಡುವ ಲೀಗ್ ಶೀಲ್ಡನ್ನು ಆ ಸೀಸನ್ನಿನಲ್ಲಿ ಆಗಲೇ ಗೆದ್ದಿದ್ದ ತಂಡ, ಅದೂ ಕೋಲ್ಕತ್ತಾದ ಸಾಲ್ಟ್ ಲೇಕ್‌ನಲ್ಲಿ, ಅವರದೇ ಜನರ ಮುಂದೆ. 49ನೇ ನಿಮಿಷದಲ್ಲಿ ಅವರ ಡಿಫೆಂಡರ್ ತಮ್ಮದೇ ಗೋಲಿಗೆ ಚೆಂಡು ಹಾಕಿದ್ದರಿಂದ ನಾವು ಮುಂದಿದ್ದೆವು. 72ರಲ್ಲಿ ಅವರ ಕಮಿಂಗ್ಸ್ ಪೆನಾಲ್ಟಿ ಗೋಲು, ಎಕ್ಸ್‌ಟ್ರಾ ಟೈಮಿನ 96ರಲ್ಲಿ ಅವರ ಮೆಕ್‌ಲಾರೆನ್ ಗೋಲು. 2-1, ಮುಗಿಯಿತು.

ಈಗ ಗೋಲುಗಳನ್ನು ಬಿಡಿ, 49ರಿಂದ 72ರವರೆಗೆ ಮಾತ್ರ ನೋಡಿ. ಚೆಂಡಿನ ಹಿಂದೆ ಕಣ್ಣು ಓಡಿಸಬೇಡಿ. ನಮ್ಮ ಡಿಫೆನ್ಸ್ ಲೈನ್ ಎಷ್ಟು ಹಿಂದೆ ಸರಿಯಿತು, ಮಿಡ್‌ಫೀಲ್ಡಿಗೂ ಅದಕ್ಕೂ ಎಷ್ಟು ಜಾಗ ಬಿತ್ತು, ಯಾರಿಗೆ ಸುಸ್ತಾಯಿತು, ಅದನ್ನು ಗಮನಿಸಿ. ಆಮೇಲೆ ಎರಡೂ ಕಡೆಯ ಸಬ್‌ಸ್ಟಿಟ್ಯೂಟ್‌ಗಳನ್ನು ಹೋಲಿಸಿ. ದೊಡ್ಡ ತಂಡದ ಬಲ ಜಾಸ್ತಿ ಕಾಣುವುದು ಬೆಂಚಿನಲ್ಲೇ.

"ಅವರು ಬಲಿಷ್ಠರು ಬಿಡಿ" ಎನ್ನುವ ಮೊದಲು ಇನ್ನೊಂದು ಮ್ಯಾಚನ್ನೂ ಹಾಕಿ: 2024ರ ಸೆಪ್ಟೆಂಬರ್, ಕಂಠೀರವ. ಇದೇ ಬಗಾನ್‌ಗೆ ನಾವು 3-0 ಹೊಡೆದಿದ್ದೆವು, ಅಲ್ವಾ? ಆ ದಿನ ನಾವು ಎಲ್ಲಿ ಪ್ರೆಸ್ ಮಾಡಿದೆವು (ಅಂದರೆ ಚೆಂಡು ಕಸಿಯಲು ಮುಂದೆ ಹೋಗಿ ಮುಗಿಬಿದ್ದೆವು), ಫೈನಲ್ಲಿನಲ್ಲಿ ಎಲ್ಲಿ ಬಿಟ್ಟೆವು ಅಂತ ಬರೆದುಕೊಳ್ಳಿ. ಬೈಯುವುದಿದ್ದರೆ ಆಮೇಲೆ ಬೈಯಿರಿ.